ನಿಂಬೆರಸ ಹಿಂಡಿದರೆ ಹಸಿ ಮೀನಿನ ಹುಳು ಸಾಯುತ್ತಾ?

ಪ್ರಶ್ನೆ: ಕೆಲಸದ ಮೇಲೆ ಎರಡು ವರ್ಷ ಥಾಯ್ಲೆಂಡಿನ ಖೊನ್ ಕೇನ್‌ನಲ್ಲಿದ್ದೆ. ಅಲ್ಲಿ ಗೆಳೆಯರ ಮನೆಯಲ್ಲಿ ‘ಕೊಯಿ ಪ್ಲಾ’ ಎಂಬ ಹಸಿ ಮೀನಿನ ಅಡುಗೆಯನ್ನು ಏಳೆಂಟು ಸಲ ತಿಂದಿದ್ದೇನೆ. ಅದರಿಂದ ಲಿವರ್‌ಗೆ ಹುಳು ಸೇರುತ್ತದೆ ಎಂದು ಈಗ ಕೇಳಿ ಭಯವಾಗಿದೆ. ನಿಂಬೆರಸ ಚೆನ್ನಾಗಿ ಹಿಂಡಿರುತ್ತಾರೆ, ಖಾರವೂ ಜಾಸ್ತಿ. ಹುಳು ಸಾಯಲ್ವಾ? ಊರಿಗೆ ಬಂದು ಐದು ತಿಂಗಳಾಯಿತು, ನನಗೇನೂ ತೊಂದರೆ ಇಲ್ಲ. (ಓದುಗರು, ಮೈಸೂರು)

ಉತ್ತರ: ಸಾಯುವುದಿಲ್ಲ. ನಿಂಬೆರಸ ಬಿದ್ದ ಕೂಡಲೇ ಕೊಚ್ಚಿದ ಮೀನು ಬೆಳ್ಳಗಾಗಿ ಬೆಂದ ಹಾಗೆ ಕಾಣುತ್ತದೆ. ಮೇಲೆ ಹುರಿದ ಅಕ್ಕಿ ಪುಡಿ, ಮೆಣಸಿನ ಪುಡಿ, ಪುದೀನ ಬಿದ್ದರೆ ಹಸಿ ವಾಸನೆಯೂ ಗೊತ್ತಾಗುವುದಿಲ್ಲ. ಆದರೆ ಮರಿಹುಳು ಮಾಂಸದೊಳಗೆ ಗಟ್ಟಿ ಕೋಶ ಕಟ್ಟಿಕೊಂಡು ಕೂತಿರುತ್ತದೆ. ಅದನ್ನು ಕೊಲ್ಲಲು ಬೆಂಕಿಯೇ ಬೇಕು, ಇಲ್ಲವೇ ಮೈನಸ್ 20 ಡಿಗ್ರಿಯಲ್ಲಿ ಒಂದು ವಾರ ಇಡಬೇಕು.

ಈ ಹುಳುವಿನ ಹೆಸರು ಒಪಿಸ್ತೋರ್ಕಿಸ್ ವಿವೆರಿನಿ. ಎಲೆಯಂತೆ ಚಪ್ಪಟೆ, ಉದ್ದ ಒಂದು ಸೆಂಟಿಮೀಟರ್ ಒಳಗೇ. ಈಶಾನ್ಯ ಥಾಯ್ಲೆಂಡ್ ಮತ್ತು ಲಾವೋಸ್‌ನಲ್ಲಿ ಜಾಸ್ತಿ. ಕೆರೆಯ ಬಸವನಹುಳುವಿನಿಂದ ಮೀನಿಗೆ, ಮೀನಿನಿಂದ ಮನುಷ್ಯನಿಗೆ ಬರುತ್ತದೆ. ನಮ್ಮ ಸಣ್ಣ ಕರುಳಿನಲ್ಲಿ ಕೋಶ ಒಡೆದು ಹೊರಬಂದು, ಪಿತ್ತರಸ ಇಳಿಯುವ ದಾರಿಯಲ್ಲೇ ಮೇಲೆ ಹತ್ತಿ ಪಿತ್ತನಾಳ ಸೇರುತ್ತದೆ. ಅಲ್ಲಿ ಸುಮಾರು ಹತ್ತು ವರ್ಷ ಬದುಕಬಲ್ಲದು.

ನಾಳದ ಒಳಗೋಡೆಗೆ ಕಚ್ಚಿಕೊಂಡು ಗಾಯ ಮಾಡುತ್ತದೆ. ಗಾಯ ಮಾಯುವಷ್ಟರಲ್ಲಿ ಮತ್ತೊಂದು ಗಾಯ. ಹುಳು ಬಿಡುವ ಒಂದು ಪ್ರೋಟೀನ್ ಅಲ್ಲಿನ ಜೀವಕೋಶಗಳು ಬೇಗ ಬೇಗ ಬೆಳೆಯುವಂತೆಯೂ ಮಾಡುತ್ತದೆ. ಹೀಗೆ ವರ್ಷಗಟ್ಟಲೆ ನಡೆದರೆ ನಾಳದ ಸುತ್ತ ಗಟ್ಟಿ ಪಟ್ಟಿ ಕಟ್ಟುತ್ತದೆ, ಕಲ್ಲಾಗಬಹುದು, ಸೋಂಕಾಗಬಹುದು. ಕೆಲವರಲ್ಲಿ ಅದು ಪಿತ್ತನಾಳದ ಕ್ಯಾನ್ಸರ್‌ವರೆಗೆ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1994ರಲ್ಲೇ ಈ ಹುಳುವನ್ನು ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿದೆ. ಖೊನ್ ಕೇನ್ ಸುತ್ತಲಿನ ಹಳ್ಳಿಗಳು ಈ ಕಾಯಿಲೆಯಿಂದ ಬಹಳ ನೊಂದಿವೆ.

ನಿಮ್ಮ ವಿಷಯಕ್ಕೆ ಬರೋಣ. ಏಳೆಂಟು ಸಲ ತಿಂದಿದ್ದಕ್ಕೆ ಕ್ಯಾನ್ಸರ್ ಎಂದು ನಿದ್ದೆಗೆಡಬೇಡಿ. ಆ ಅಪಾಯ ವರ್ಷಾನುಗಟ್ಟಲೆ ಹುಳು ಹೊತ್ತವರಿಗೆ, ಮತ್ತೆ ಮತ್ತೆ ಅಂಟಿಸಿಕೊಂಡವರಿಗೆ ಹೆಚ್ಚು. ಹಾಗಂತ ತೊಂದರೆ ಇಲ್ಲ ಎಂದು ಸುಮ್ನೆ ಇರಲೂಬೇಡಿ. ಹುಳು ಇದ್ದವರಲ್ಲಿ ಬಹುಪಾಲು ಜನರಿಗೆ ಏನೂ ಗೊತ್ತಾಗುವುದಿಲ್ಲ. ಹತ್ತಿರದ ಹೊಟ್ಟೆ-ಲಿವರ್ ಡಾಕ್ಟರನ್ನು ನೋಡಿ. ಮಲಪರೀಕ್ಷೆಗೆ ಕೊಡುವಾಗ ಎಲ್ಲಿದ್ದಿರಿ, ಏನು ತಿಂದಿರಿ ಎಂದು ಲ್ಯಾಬಿಗೂ ಹೇಳಿಸಿ. ಇದರ ಮೊಟ್ಟೆ ತೀರಾ ಸಣ್ಣದು, ಹುಡುಕಿದರಷ್ಟೇ ಸಿಗುತ್ತದೆ. ಒಂದು ಸಲ ಸಿಗದಿದ್ದರೆ ಇನ್ನೊಂದೆರಡು ಸಲ ನೋಡಬೇಕಾಗುತ್ತದೆ. ಜೊತೆಗೆ ಅಲ್ಟ್ರಾಸೌಂಡ್ ಮಾಡಿಸಬಹುದು. ಹುಳು ಇದ್ದರೆ ಪ್ರಾಜಿಕ್ವಾಂಟೆಲ್ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಎಷ್ಟು ಎಂಬುದನ್ನು ತೂಕ ನೋಡಿ ಡಾಕ್ಟರೇ ಹೇಳಬೇಕು. ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ, ಚಳಿಜ್ವರದ ಜೊತೆ ಬಲಪಕ್ಕೆ ನೋವು ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಿ.

ಮಾತ್ರೆ ನುಂಗಿದ ಮೇಲೆ ಮತ್ತೆ ಹಸಿ ಮೀನು ತಿಂದರೆ ಹುಳು ಮತ್ತೆ ಬರುತ್ತದೆ. ಗೆಳೆಯರ ಮನೆಗೆ ಮತ್ತೆ ಹೋದಾಗ ಅದೇ ಮೀನನ್ನು ಬಾಣಲೆಯಲ್ಲಿ ಪೂರ್ತಿ ಬೇಯಿಸಿ ಕೊಡಿ ಎಂದು ಕೇಳಿ. ಅಲ್ಲಿ ಹಾಗೂ ಮಾಡುತ್ತಾರೆ.