ಘಾಟಿ, ಮಳೆ, ಬ್ರೇಕು: ಗಾಡಿಯವರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳೆಲ್ಲ ಸುತ್ತಿ ಬಳಸಿ ಎರಡೇ ವಿಷಯಕ್ಕೆ ಬಂದು ನಿಲ್ಲುತ್ತವೆ: ನೀರು ಮತ್ತು ಇಳಿಜಾರು. ಗಾಡಿಯ ಜೊತೆ ಕೊಡುವ ಸರ್ವೀಸ್ ಪುಸ್ತಕ ಮುಖ್ಯವಾಗಿ ಕಿಲೋಮೀಟರ್ ಲೆಕ್ಕದಲ್ಲಿ ಮಾತಾಡುತ್ತದೆ. ಕೊಡಗಿನಲ್ಲಿ ಗಾಡಿ ಓಡಿ ಕೆಡುವುದಕ್ಕಿಂತ ತೇವದಲ್ಲಿ ನಿಂತು ಕೆಡುವುದೇ ಹೆಚ್ಚು.

ಪ್ರಶ್ನೆ: ಐದು ಜನ ಕೂತು, ಸಾಮಾನು ತುಂಬಿಕೊಂಡು ಸಂಪಾಜೆ ಘಾಟಿ ಇಳಿದರೆ ಕೆಳಗೆ ಮುಟ್ಟುವಷ್ಟರಲ್ಲಿ ಬ್ರೇಕ್ ಪೆಡಲ್ ಮೆತ್ತಗಾಗಿ ಆಳಕ್ಕೆ ಹೋಗುತ್ತದೆ. ಅರ್ಧ ಗಂಟೆ ನಿಲ್ಲಿಸಿದರೆ ಮತ್ತೆ ಸರಿ. ಗ್ಯಾರೇಜಿನಲ್ಲಿ ನೋಡಿ ಪ್ಯಾಡ್ ಚೆನ್ನಾಗಿದೆ ಎಂದರು. — ಮಡಿಕೇರಿ

ಪ್ಯಾಡ್ ಚೆನ್ನಾಗಿಯೇ ಇರಬಹುದು. ನಿಮ್ಮ ಗಾಡಿಯಲ್ಲಿ ಕುದಿಯುತ್ತಿರುವುದು ಬ್ರೇಕ್ ಆಯಿಲ್. ಘಾಟಿಯಲ್ಲಿ ಬ್ರೇಕ್ ಸೋಲುವುದು ಎರಡು ಬಗೆ. ಪೆಡಲ್ ಗಟ್ಟಿಯಾಗಿಯೇ ಇದೆ, ಸುಟ್ಟ ವಾಸನೆ ಬರುತ್ತಿದೆ, ಎಷ್ಟು ಒತ್ತಿದರೂ ಗಾಡಿ ನಿಲ್ಲುತ್ತಿಲ್ಲ ಎಂದರೆ ಪ್ಯಾಡ್ ಅತಿಯಾಗಿ ಕಾದಿದೆ. ಪೆಡಲ್ಲೇ ಮೆತ್ತಗಾಗಿ ಕೆಳಗಿಳಿದರೆ ಆಯಿಲ್‌ನೊಳಗಿನ ನೀರು ಆವಿಯಾಗಿ ಗುಳ್ಳೆ ಕಟ್ಟಿದೆ. ಆಯಿಲ್ ಒತ್ತಡಕ್ಕೆ ಕುಗ್ಗುವುದಿಲ್ಲ, ಗುಳ್ಳೆ ಕುಗ್ಗುತ್ತದೆ. ಕಾಲಿನ ಬಲವೆಲ್ಲ ಅಲ್ಲೇ ಖರ್ಚಾಗುತ್ತದೆ. ತಣ್ಣಗಾದಾಗ ಆವಿ ಮತ್ತೆ ನೀರಾಗುವುದರಿಂದ ಪೆಡಲ್ ಸರಿಯಾದಂತೆ ಕಾಣುತ್ತದೆ. ಗ್ಯಾರೇಜಿನವರಿಗೆ ದೋಷ ಸಿಗದಿರುವುದು ಇದಕ್ಕೇ.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ವಸ್ತು. ಹೊಸ ಡಾಟ್ 3 ಗ್ರೇಡಿನ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಡಾಟ್ 4 ಆದರೆ 230. ಶೇಕಡಾ ಮೂರೂಮುಕ್ಕಾಲರಷ್ಟು ನೀರು ಸೇರಿದರೆ ಈ ಮಿತಿ ಕ್ರಮವಾಗಿ 140 ಮತ್ತು 155ಕ್ಕೆ ಇಳಿಯುತ್ತದೆ. ಎಷ್ಟೇ ಕಡಿಮೆ ಓಡಿಸಿದರೂ ನಮ್ಮ ಹವೆಯಲ್ಲಿ ಎರಡು ವರ್ಷಕ್ಕೊಮ್ಮೆ ಇದನ್ನು ಬದಲಿಸಲೇಬೇಕು. ಕಪಾಟಿನಲ್ಲಿ ಅರ್ಧ ಉಳಿದಿರುವ ಹಳೆಯ ಬಾಟಲಿ ಬೇಡ, ಅದೂ ಆಗಲೇ ನೀರು ಕುಡಿದಿರುತ್ತದೆ.

ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲದ ಗಾಡಿಯಾದರೆ, ಜೊತೆಗೊಬ್ಬರಿದ್ದರೆ, ಆಯಿಲ್ ಬದಲಿಸುವುದನ್ನು ಮನೆಯಲ್ಲೇ ಮಾಡಬಹುದು. ಎಬಿಎಸ್ ಇದ್ದರೂ ಕ್ರಮ ಇದೇ. ಆದರೆ ಅದರ ಯೂನಿಟ್‌ಗೆ ಗಾಳಿ ಹೊಕ್ಕರೆ ಸ್ಕ್ಯಾನರ್ ಇಲ್ಲದೆ ಹೊರಗೆ ಬರುವುದು ಕಷ್ಟ, ಅಂಥವರು ವರ್ಕ್‌ಶಾಪಿಗೇ ಹೋಗಿ. ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ಗ್ರೇಡಿನದ್ದೇ ಒಂದು ಲೀಟರ್, ಬ್ಲೀಡರ್ ನಿಪ್ಪಲ್‌ಗೆ (ಪ್ರತಿ ಚಕ್ರದ ಬ್ರೇಕಿನಲ್ಲೂ ಆಯಿಲ್ ಹೊರಬಿಡಲು ಇರುವ ಸಣ್ಣ ತೂಬು) ಹೊಂದುವ ರಿಂಗ್ ಸ್ಪ್ಯಾನರ್ (ಸಾಮಾನ್ಯವಾಗಿ 8 ಅಥವಾ 10 ನಂಬರ್), ಅರ್ಧ ಮೀಟರ್ ಪಾರದರ್ಶಕ ಪೈಪು, ಒಂದು ಖಾಲಿ ಬಾಟಲಿ, ಸೂಜಿಯಿಲ್ಲದ ದೊಡ್ಡ ಸಿರಿಂಜ್ ತನ್ನಿ. ಹಿಂದಿನ ದಿನವೇ ನಾಲ್ಕೂ ನಿಪ್ಪಲ್‌ಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಬಲವಂತ ಮಾಡಿ ನಿಪ್ಪಲ್ ಮುರಿದರೆ ಎಷ್ಟೋ ಸಲ ಚಕ್ರದ ಬ್ರೇಕನ್ನು ಒತ್ತುವ ಭಾಗವಾದ ಕ್ಯಾಲಿಪರನ್ನೋ ವೀಲ್ ಸಿಲಿಂಡರನ್ನೋ ಇಡಿಯಾಗಿ ಬದಲಿಸಬೇಕಾಗುತ್ತದೆ.

ಡಬ್ಬಿಯ ಹಳೆ ಆಯಿಲನ್ನು ಸಿರಿಂಜಿನಿಂದ ಎಳೆದು ಹೊಸತು ತುಂಬಿ. ಯಾವ ಚಕ್ರ ಮೊದಲು ಎಂದು ಗಾಡಿಯ ಪುಸ್ತಕದಲ್ಲಿ ನೋಡಿ, ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರ್‌ಗೆ (ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳಿಗೆ ತಳ್ಳುವ ಭಾಗ) ದೂರವಾದ ಎಡ ಹಿಂಬದಿಯಿಂದ ಶುರು. ನಿಪ್ಪಲ್‌ಗೆ ಪೈಪು ಸಿಕ್ಕಿಸಿ, ಇನ್ನೊಂದು ತುದಿ ಬಾಟಲಿಯಲ್ಲಿ ಸ್ವಲ್ಪ ಆಯಿಲ್‌ನೊಳಗೆ ಮುಳುಗಿರಲಿ. ಒಳಗಿದ್ದವರು ಪೆಡಲ್ ನಿಧಾನ ಒತ್ತಿ ಹಿಡಿಯಬೇಕು. ನೀವು ನಿಪ್ಪಲನ್ನು ಕಾಲು ಸುತ್ತು ಬಿಚ್ಚಿ, ಆಯಿಲ್ ಬಂದ ಮೇಲೆ ಮುಚ್ಚಿ, ಆಮೇಲೆ "ಬಿಡಿ" ಅನ್ನಬೇಕು. ಮುಚ್ಚುವ ಮೊದಲೇ ಅವರು ಕಾಲು ತೆಗೆದರೆ ಗಾಳಿ ಒಳಗೆ ಹೋಯಿತು. ಗುಳ್ಳೆ ನಿಂತು ತಿಳಿ ಬಣ್ಣದ ಆಯಿಲ್ ಬರುವವರೆಗೆ ಇದೇ ಕೆಲಸ. ನಡುನಡುವೆ ಡಬ್ಬಿ ನೋಡುತ್ತಿರಿ, ಮಟ್ಟ ಕೆಳಗಿನ ಗೆರೆಗಿಂತ ಇಳಿಯಬಾರದು, ಗಾಳಿ ಹೊಕ್ಕರೆ ಮೊದಲಿನಿಂದ ಮಾಡಬೇಕಾಗುತ್ತದೆ.

ಹತ್ತು ವರ್ಷ ದಾಟಿದ ಗಾಡಿಯಾದರೆ ಈ ಕೆಲಸ ಮಾಡುವಾಗ ಮಾತ್ರ ಪೆಡಲ್ ಕೆಳಗೆ ಒಂದು ಮರದ ತುಂಡು ಇಡಿ. ದಿನವೂ ಪೆಡಲ್ ಇಳಿಯದ ಆಳದಲ್ಲಿ ಮಾಸ್ಟರ್ ಸಿಲಿಂಡರ್‌ನ ಒಳಗೋಡೆ ತುಕ್ಕು ಹಿಡಿದಿರುತ್ತದೆ, ಅಲ್ಲಿಯವರೆಗೆ ಒತ್ತಿದರೆ ರಬ್ಬರ್ ಸೀಲ್ ಹರಿದು ಮರುದಿನ ಹೊಸ ತೊಂದರೆ. ಚೆಲ್ಲಿದ ಆಯಿಲ್ ಬಣ್ಣ ತಿನ್ನುತ್ತದೆ, ಕೂಡಲೇ ನೀರು ಸುರಿದು ತೊಳೆಯಿರಿ. ಕೊನೆಗೆ ಇಂಜಿನ್ ಹಾಕಿ, ಪೆಡಲ್ ಅರ್ಧ ನಿಮಿಷ ಒತ್ತಿ ಹಿಡಿದು ನೋಡಿ. ಕೆಳಗಿಳಿಯದಿದ್ದರೆ ಅಂಗಳದಲ್ಲಿ, ಆಮೇಲೆ ಸಮತಟ್ಟು ರಸ್ತೆಯಲ್ಲಿ ಪರೀಕ್ಷಿಸಿ. ಘಾಟಿಗೆ ಅಂದೇ ಬೇಡ.

ಇದೆಲ್ಲ ಮಾಡಿಯೂ ನ್ಯೂಟ್ರಲ್‌ನಲ್ಲಿ ಇಳಿಸುವುದಾದರೆ ಹೊಸ ಆಯಿಲೂ ಕುದಿಯುತ್ತದೆ. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಇಂಜೆಕ್ಷನ್ ಇಂಜಿನ್ ಗೇರಿನಲ್ಲಿ ಇಳಿಯುವಾಗ, ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಪೆಟ್ರೋಲನ್ನು ತಾನೇ ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಾದರೆ ಐಡ್ಲಿಂಗ್‌ಗೆ ಕುಡಿಯುತ್ತಲೇ ಇರುತ್ತದೆ, ಉಳಿತಾಯ ಏನೂ ಇಲ್ಲ. ಇಂಜಿನ್ ಆಫ್ ಮಾಡಿ ಇಳಿಸುವವರಿಗೆ ಎರಡು ಮೂರು ಸಲ ಒತ್ತಿದ ಮೇಲೆ ಕಾಲಿನ ಬಲ ಹೆಚ್ಚಿಸುವ ಬೂಸ್ಟರ್‌ನ ನಿರ್ವಾತ ಮುಗಿದು ಪೆಡಲ್ ಕಲ್ಲಾಗುತ್ತದೆ. ಕಾದ ಡಿಸ್ಕ್‌ಗೆ ನೀರು ಎರಚುವುದೂ ಬೇಡ, ಅದು ಸೊಟ್ಟಗಾಗುವ ಇಲ್ಲವೇ ಬಿರುಕು ಬಿಡುವ ಸಂಭವವಿದೆ.

ಪ್ರಶ್ನೆ: ಮಳೆ ಬಂದರೆ ಎಡಗಡೆ ಸೀಟಿನ ಕಾಲಿಡುವ ಜಾಗದಲ್ಲಿ ನೀರು. ಗಾಜಿನ ಬೀಡಿಂಗ್ ಬದಲಿಸಿದರೂ ನಿಂತಿಲ್ಲ. ಗಾಡಿ ತೋಟದ ಶೆಡ್ಡಿನ ಹೊರಗೆ ಸಿಲ್ವರ್ ಓಕ್ ಕೆಳಗೆ ನಿಲ್ಲುತ್ತದೆ. — ಸುಂಟಿಕೊಪ್ಪ

ನಿಮ್ಮ ಕೊನೆಯ ವಾಕ್ಯದಲ್ಲೇ ಉತ್ತರ ಇರುವಂತಿದೆ. ವೈಪರ್ ಕೆಳಗಿನ ಪ್ಲಾಸ್ಟಿಕ್ ಹೊದಿಕೆಯಡಿ ಒಂದು ತೊಟ್ಟಿ ಇದೆ. ಗಾಜಿನ ಮೇಲೆ ಬಿದ್ದ ನೀರೆಲ್ಲ ಅಲ್ಲಿಗಿಳಿದು ಎರಡೂ ತುದಿಯ ರಂಧ್ರಗಳಿಂದ ಚಕ್ರದ ಹಿಂದೆ ಹೊರಗೆ ಹೋಗಬೇಕು. ಎಲೆ ಕೊಳೆತು ರಂಧ್ರ ಕಟ್ಟಿದರೆ ತೊಟ್ಟಿ ತುಂಬಿ, ಎಸಿ ಬ್ಲೋವರ್ ಗಾಳಿ ಎಳೆಯುವ ಬಾಯಿಯಿಂದ ನೀರು ಒಳಗೆ ಸುರಿಯುತ್ತದೆ. ಆ ಬಾಯಿ ಬಹಳಷ್ಟು ಗಾಡಿಗಳಲ್ಲಿ ಎಡಕ್ಕೇ ಇರುತ್ತದೆ.

ವೈಪರ್ ಕೈಗಳ ನಟ್ ಬಿಚ್ಚುವ ಮೊದಲು ಅವು ನಿಂತಿರುವ ಜಾಗಕ್ಕೆ ಗಾಜಿನ ಮೇಲೆ ಟೇಪಿನ ಗುರುತು ಹಾಕಿ. ಹೊದಿಕೆಯ ಕ್ಲಿಪ್ಪುಗಳನ್ನು ಮೆಲ್ಲಗೆ ಎಬ್ಬಿಸಿ, ಹಳೆಯವು ಒಂದೆರಡು ಮುರಿಯುತ್ತವೆ, ಬಿಡಿ ಕ್ಲಿಪ್ ಮೊದಲೇ ತಂದಿಟ್ಟುಕೊಳ್ಳಿ. ಗೊಬ್ಬರವಾಗಿರುವ ಎಲೆಯನ್ನು ಕೈಯಿಂದಲೇ ಬಾಚಿ ತೆಗೆಯಿರಿ. ನೀರಿನ ಪೈಪಿಟ್ಟು ರಭಸವಾಗಿ ಹೊಡೆದರೆ ಕಸ ರಂಧ್ರದೊಳಗೆ ಇನ್ನಷ್ಟು ಗಿಡಿದುಕೊಳ್ಳುತ್ತದೆ. ಆಮೇಲೆ ಒಂದು ಚೊಂಬು ನೀರು ಸುರಿದು ಎರಡೂ ಬದಿಯಲ್ಲಿ ಕೆಳಗೆ ಧಾರೆ ಬೀಳುತ್ತದೆಯೇ ನೋಡಿ, ಒಳಗೊಬ್ಬರು ಟಾರ್ಚ್ ಹಿಡಿದು ಡ್ಯಾಶ್‌ಬೋರ್ಡ್ ಅಡಿಯಲ್ಲಿ ನೋಡುತ್ತಿರಲಿ.

ಅಲ್ಲಿ ಸರಿಯಿದ್ದರೆ ಬಾಗಿಲು ನೋಡಿ. ಗಾಜಿನ ಪಕ್ಕದಿಂದ ಬಾಗಿಲೊಳಗೆ ನೀರು ಇಳಿಯುವುದು ಸಹಜ, ತಳದ ಎರಡು ಮೂರು ರಂಧ್ರಗಳಿಂದ ಅದು ಹೊರಗೆ ಹೋಗುತ್ತದೆ. ತೋಟದ ಕೆಸರು ಆ ರಂಧ್ರಗಳನ್ನು ಮುಚ್ಚಿರುತ್ತದೆ. ಕೇಬಲ್ ಟೈನಿಂದ ಬಿಡಿಸಿ. ಸ್ಕ್ರೂಡ್ರೈವರ್ ಹಾಕಿದರೆ ಬಣ್ಣ ಕಿತ್ತು ತುಕ್ಕು ಅಲ್ಲಿಂದಲೇ ಶುರು. ಮಳೆಯಿಲ್ಲದ ದಿನ ಎಸಿ ಹಾಕಿದಾಗ ಮಾತ್ರ ಒದ್ದೆಯಾದರೆ ಎಸಿಯ ನೀರು ಹೋಗುವ ಪೈಪು ಕಟ್ಟಿದೆ. ನೀರು ಅಂಟಂಟಾಗಿ, ಸಿಹಿ ವಾಸನೆ ಬಂದರೆ ಅದು ಮಳೆ ನೀರಲ್ಲ, ಹೀಟರ್‌ನಿಂದ ಸೋರುವ, ಇಂಜಿನ್ ತಣಿಸುವ ಕೂಲೆಂಟ್.

ಒದ್ದೆ ಕಾರ್ಪೆಟ್ ಮೇಲೆ ಮ್ಯಾಟ್ ಹಾಸಿ ಮರೆಯಬೇಡಿ. ಕೆಳಗಿನ ಸ್ಪಂಜು ತಿಂಗಳುಗಟ್ಟಲೆ ನೀರು ಹಿಡಿದಿಡುತ್ತದೆ, ಬೂಷ್ಟು ಹಿಡಿಯುತ್ತದೆ, ನೆಲದ ತಗಡು ತೂತಾಗುತ್ತದೆ. ಕಾರ್ಪೆಟ್ ಎತ್ತಿ, ಅಡಿಗೆ ಮರದ ತುಂಡು ಕೊಟ್ಟು, ಒತ್ತಿ ನೀರು ಹಿಂಡಿ ಫ್ಯಾನ್ ಬಿಡಿ.

ಪ್ರಶ್ನೆ: ಮಳೆಗಾಲದಲ್ಲಿ ವಾರಕ್ಕೊಮ್ಮೆ ಗಾಡಿ ತೆಗೆಯುತ್ತೇವೆ. ಬೆಳಿಗ್ಗೆ ಸ್ಟಾರ್ಟರ್ ಕಟಕಟ ಅನ್ನುತ್ತದೆ. ಬ್ಯಾಟರಿ ಹೋಗಿದೆ, ಹೊಸತು ಹಾಕಿ ಎನ್ನುತ್ತಾರೆ. — ನಾಪೋಕ್ಲು

ಹೊಸ ಬ್ಯಾಟರಿಗೆ ದುಡ್ಡು ಸುರಿಯುವ ಮೊದಲು ಒಂದು ಸಾಧಾರಣ ಮಲ್ಟಿಮೀಟರ್ ಕೊಳ್ಳಿ. ಗಾಡಿ ರಾತ್ರಿಯಿಡೀ ನಿಂತ ಮೇಲೆ ಬ್ಯಾಟರಿಯಲ್ಲಿ 12.6 ವೋಲ್ಟ್ ಇದ್ದರೆ ತುಂಬಿದೆ, 12.2 ಆದರೆ ಅರ್ಧ, 12ಕ್ಕಿಂತ ಕಡಿಮೆ ಎಂದರೆ ಹೆಚ್ಚುಕಡಿಮೆ ಖಾಲಿ. ತುಂಬಿದ ಬ್ಯಾಟರಿ ಸ್ಟಾರ್ಟ್ ಮಾಡುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಅದು ಸೋತಿದೆ ಎನ್ನಬಹುದು. ಇಂಜಿನ್ ಓಡುವಾಗ 13.8ರಿಂದ 14.5ರವರೆಗೆ ತೋರಿಸಬೇಕು, ಇಲ್ಲದಿದ್ದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಕಡೆ ನೋಡಿ. (ಹೊಸ ಮಾದರಿಯ ಕೆಲವು ಗಾಡಿಗಳು ಚಾರ್ಜಿಂಗನ್ನು ಬೇಕೆಂದೇ ಕಡಿಮೆ ಮಾಡುತ್ತವೆ, ಹೆಡ್‌ಲೈಟ್ ಹಾಕಿ ಅಳೆಯಿರಿ.)

ನಮ್ಮ ಕಡೆ ಎಷ್ಟೋ ಸಲ ತಪ್ಪು ಬ್ಯಾಟರಿಯದ್ದಲ್ಲ, ಅದರ ನೆಗೆಟಿವನ್ನು ಬಾಡಿಗೆ, ಇಂಜಿನ್ನಿಗೆ ಜೋಡಿಸುವ ಅರ್ಥ್ ವೈರಿನದ್ದು. ಮೀಟರ್‌ನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದು ಇಂಜಿನ್ನಿನ ಬರಿ ಲೋಹಕ್ಕೆ ಮುಟ್ಟಿಸಿ ಸ್ಟಾರ್ಟ್ ಮಾಡಿಸಿ. ಅರ್ಧ ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಅರ್ಥ್ ವೈರ್ ಬೋಲ್ಟ್ ಬಿಚ್ಚಿ, ತುಕ್ಕು ಉಜ್ಜಿ, ಬಿಗಿದು, ಮೇಲೆ ವ್ಯಾಸಲೀನ್ ಸವರಿ. ಟರ್ಮಿನಲ್‌ನ ಬಿಳಿ ಹಸಿರು ಪುಡಿಗೆ ಒಂದು ಲೋಟ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಸಾಕು. ದ್ರಾವಣ ಬ್ಯಾಟರಿಯ ಮುಚ್ಚಳದೊಳಗೆ ಇಳಿಯಬಾರದು. ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ.

ದಿನಾ ಹತ್ತು ನಿಮಿಷ ಇಂಜಿನ್ ಹಾಕಿ ಆಫ್ ಮಾಡುವ ಅಭ್ಯಾಸ ಬಿಡಿ. ಸ್ಟಾರ್ಟರ್ ತೆಗೆದುಕೊಂಡ ಕರೆಂಟ್ ಪೂರ್ತಿ ವಾಪಸ್ ಬರದೆ ಹೋಗಬಹುದು, ಸೈಲೆನ್ಸರ್‌ನಲ್ಲಿ ನೀರು ಮಾತ್ರ ಉಳಿಯುತ್ತದೆ. ವಾರಕ್ಕೊಮ್ಮೆ ಮುಕ್ಕಾಲು ಗಂಟೆ ಓಡಿಸಿ. ಇಲ್ಲವೇ ಚಾರ್ಜರ್ ಹಾಕಿ: 35 ಆಂಪಿಯರ್ ಅವರ್ ಬ್ಯಾಟರಿಗೆ ಮೂರೂವರೆ ಆಂಪಿಯರ್ ಸಾಕು, ಕಿಟಕಿ ತೆರೆದಿಟ್ಟ ಕೋಣೆಯಲ್ಲಿ.

ಪ್ರಶ್ನೆ: ಇಲಿ ವೈರ್ ಕಡಿದಿದೆ. ಟೇಪ್ ಸುತ್ತಿದ್ದೇನೆ. ಸಾಕೇ? — ಪೊನ್ನಂಪೇಟೆ

ಸಾಲದು. ಟೇಪಿನೊಳಗೆ ತೇವ ಇಳಿದು ತಾಮ್ರ ಹಸಿರಾಗಿ, ಒಂದೆರಡು ಮಳೆಗಾಲದಲ್ಲೇ ಯಾವುದೋ ಸೆನ್ಸರ್ ಲೈಟ್ ಉರಿಯುತ್ತದೆ. ಬೆಸುಗೆ ಹಾಕಿ, ಒಳಗೆ ಅಂಟು ಸವರಿರುವ ಹೀಟ್ ಶ್ರಿಂಕ್ ಟ್ಯೂಬ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಕೊಳವೆ) ಹಾಕಿ. ಏರ್‌ಬ್ಯಾಗಿನ ಹಳದಿ ವೈರನ್ನು ಮಾತ್ರ ಮುಟ್ಟಬೇಡಿ. ಪೆಟ್ರೋಲ್ ವಾಸನೆ ಇದ್ದರೆ ಕೀಲಿಯನ್ನೇ ತಿರುಗಿಸಬೇಡಿ, ಇಲಿ ಪೆಟ್ರೋಲ್ ಪೈಪನ್ನೂ ಕಡಿಯುತ್ತದೆ. ಪೈಪು ಹೊಸತೇ ಆಗಬೇಕು, ತೇಪೆ ನಡೆಯುವುದಿಲ್ಲ. ಏರ್ ಫಿಲ್ಟರ್ ಡಬ್ಬಿ ತೆಗೆದು ಗೂಡು ಇದೆಯೇ ನೋಡಿ. ಹೊಗೆಸೊಪ್ಪು, ನುಸಿಗುಳಿಗೆ ಎರಡರ ವಾಸನೆಯೂ ಕೆಲವೇ ದಿನ. ಶೆಡ್ಡಿನಿಂದ ಭತ್ತ, ಹಿಂಡಿಯ ಚೀಲ ತೆಗೆದು, ಬ್ಲೋವರ್ ಬಾಯಿಗೆ ಕಾಲಿಂಚು ಕಣ್ಣಿನ ಸ್ಟೀಲ್ ಜಾಲರಿ ಕಟ್ಟುವುದು ಹೆಚ್ಚು ಕೆಲಸಕ್ಕೆ ಬರುತ್ತದೆ. ವಿಷ ಬೇಡ, ಸತ್ತ ಇಲಿ ಎಸಿ ದಾರಿಯಲ್ಲಿ ಸಿಕ್ಕಿಕೊಂಡರೆ ಡ್ಯಾಶ್‌ಬೋರ್ಡೇ ಬಿಚ್ಚಬೇಕು.

ಪ್ರಶ್ನೆ: ಹೊಳೆ ಉಕ್ಕಿದಾಗ ನಿಲ್ಲಿಸಿದ್ದ ಗಾಡಿಗೆ ಸೀಟಿನವರೆಗೆ ನೀರು ಬಂದರೆ, ಇಳಿದ ಮೇಲೆ ಏನು ಮಾಡಬೇಕು? — ಭಾಗಮಂಡಲ

ಸ್ಟಾರ್ಟ್ ಆಗುತ್ತದೆಯೋ ನೋಡೋಣ ಎಂದು ಕೀಲಿ ತಿರುಗಿಸಬಾರದು. ಇಂಜಿನ್ನಿನ ಸಿಲಿಂಡರ್‌ನಲ್ಲಿ ನೀರಿದ್ದರೆ ಪಿಸ್ಟನ್ ಅದನ್ನು ಕುಗ್ಗಿಸಲಾರದೆ, ಪಿಸ್ಟನ್ನಿಗೆ ಜೋಡಿಸಿರುವ ಕನೆಕ್ಟಿಂಗ್ ರಾಡ್ ಬಾಗಬಹುದು. ಬ್ಯಾಟರಿಯ ನೆಗೆಟಿವ್ ಬಿಚ್ಚಿ. ನೀರಿನ ಗುರುತು ಎಲ್ಲಿಯವರೆಗೆ ಇದೆಯೆಂದು ಫೋಟೋ ತೆಗೆದು ವಿಮೆಯವರಿಗೆ ತಿಳಿಸಿ. ಏರ್ ಫಿಲ್ಟರ್ ಒದ್ದೆಯಿದೆಯೇ, ಇಂಜಿನ್ ಆಯಿಲ್ ಅಳೆಯುವ ಕಡ್ಡಿಯಲ್ಲಿರುವ (ಡಿಪ್‌ಸ್ಟಿಕ್) ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದೆಯೇ ನೋಡಿ. ಎರಡರಲ್ಲಿ ಒಂದು ಹೌದಾದರೂ ಗಾಡಿಯನ್ನು ಲಾರಿಯಲ್ಲೇ ಸಾಗಿಸಬೇಕು.

ಪ್ರಶ್ನೆ: ಮಂಜಿನಲ್ಲಿ ಗಾಜು ಮಬ್ಬಾಗುತ್ತದೆ, ಎಸಿ ಹಾಕಿದರೆ ಇನ್ನೂ ಹೆಚ್ಚಾಗುತ್ತದೆ. — ಸೋಮವಾರಪೇಟೆ

ಬೆರಳಿಂದ ಒರೆಸಿ ನೋಡಿ. ಒಳಗಡೆ ಮಬ್ಬಾದರೆ ಎಸಿ ಹಾಕಿ, ಉಷ್ಣತೆಯನ್ನು ಬಿಸಿಯ ಕಡೆಗೆ ತಿರುಗಿಸಿ, ಹೊರಗಾಳಿಯ ಬಟನ್ ಒತ್ತಿ. ಒಳಗಾಳಿಯೇ ತಿರುಗುತ್ತಿದ್ದರೆ ನಿಮ್ಮ ಉಸಿರಿನ ತೇವ ಅಲ್ಲೇ ಉಳಿಯುತ್ತದೆ. ಹೊರಗಡೆ ಮಬ್ಬಾದರೆ ಎಸಿಯ ಚಳಿಗೆ ಗಾಜು ತಣ್ಣಗಾಗಿದೆ: ಗಾಳಿಯನ್ನು ಗಾಜಿನಿಂದ ಬೇರೆ ಕಡೆಗೆ ತಿರುಗಿಸಿ ವೈಪರ್ ಹಾಕಿ. ನಿಮ್ಮದು ಈ ಎರಡನೆಯದೇ ಇರಬೇಕು. ಮಂಜಿನಲ್ಲಿ ಹೈ ಬೀಮ್ ಬೇಡ, ಹಜಾರ್ಡ್ ಲೈಟ್ ಹಾಕಿಕೊಂಡು ಓಡಿಸುವುದಂತೂ ಬೇಡವೇ ಬೇಡ, ನೀವು ಎತ್ತ ತಿರುಗುತ್ತೀರೆಂದು ಹಿಂದಿನವರಿಗೆ ತಿಳಿಯುವುದಿಲ್ಲ.

ಪ್ರಶ್ನೆ: ವಾರ ನಿಂತ ಮೇಲೆ ಹಿಂದಿನ ಚಕ್ರ ಹಿಡಿದುಕೊಳ್ಳುತ್ತದೆ. — ವಿರಾಜಪೇಟೆ

ಹ್ಯಾಂಡ್ ಬ್ರೇಕ್ ಎಳೆದಿಟ್ಟಿದ್ದರಿಂದ ಬ್ರೇಕ್ ಲೈನರ್ (ಡ್ರಮ್ಮಿನ ಒಳಗೋಡೆಗೆ ಉಜ್ಜುವ ಪಟ್ಟಿ) ಡ್ರಮ್ಮಿಗೆ ತುಕ್ಕಿನಿಂದ ಅಂಟಿದೆ. ಹ್ಯಾಂಡ್ ಬ್ರೇಕ್ ಬಿಟ್ಟು, ಮೊದಲ ಗೇರ್, ರಿವರ್ಸ್ ಎರಡರಲ್ಲೂ ಮೆಲ್ಲಗೆ ಅಲುಗಾಡಿಸಿ. ಬಿಡದಿದ್ದರೆ ಚಕ್ರ ಬಿಚ್ಚಿ ಡ್ರಮ್ಮಿನ ಸುತ್ತ ಮರದ ಸುತ್ತಿಗೆಯಿಂದ ತಟ್ಟಿ. ಎಣ್ಣೆ ಹೊಡೆದರೆ ಲೈನರ್ ಹಾಳು. ಮುಂದೆ ಮಳೆಗಾಲದಲ್ಲಿ ಸಮತಟ್ಟಿನಲ್ಲಿ, ಗೇರಿನಲ್ಲಿ ನಿಲ್ಲಿಸಿ ಚಕ್ರದ ಎರಡೂ ಕಡೆ ಮರದ ಅಡೆ ಕೊಡಿ.