ಮಾವನವರ ವಸಡು, ಮಾವನವರ ಕಿಡ್ನಿ

ಶಿವಮೊಗ್ಗದಿಂದ ಓದುಗರೊಬ್ಬರ ಪತ್ರ: "ಮಾವನವರಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಬೆಳಿಗ್ಗೆ ಹಲ್ಲುಜ್ಜಿ ಉಗುಳಿದರೆ ಬೇಸಿನ್ನೆಲ್ಲ ಕೆಂಪು. ಹಲ್ಲಿನ ಡಾಕ್ಟರಿಗೆ ತೋರಿಸೋಣ ಅಂದರೆ, 'ಕಿಡ್ನಿಗೇ ದುಡ್ಡು ಸಾಲುತ್ತಿಲ್ಲ, ಹಲ್ಲಿಗೆ ಎಲ್ಲಿಂದ ತರಲಿ' ಅಂತಾರೆ. ಎರಡಕ್ಕೂ ಸಂಬಂಧ ಇದೆಯಾ?"

ಇದೆ. ಆದರೆ ಮಾವನವರ ಮೇಲೆ ಬೇಜಾರಾಗಬೇಡಿ. ವಾರಕ್ಕೆ ಮೂರು ದಿನ ಮೆಷಿನ್ ಪಕ್ಕ ನಾಲ್ಕು ಗಂಟೆ ಮಲಗುವವರಿಗೆ ಇನ್ನೊಬ್ಬ ಡಾಕ್ಟರ ಹೆಸರೆತ್ತಿದರೆ ರೇಗುತ್ತದೆ, ಸಹಜ ಅಲ್ವಾ?

ವಸಡಿನ ಕಾಯಿಲೆ ಹೆಚ್ಚಾಗಿ ನೋಯುವುದೇ ಇಲ್ಲ. ಅದೇ ತೊಂದರೆ. ಹಲ್ಲಿಗೂ ವಸಡಿಗೂ ನಡುವೆ ಸಂದು ಬಿಡುತ್ತದೆ. ಡಾಕ್ಟರು ಮಿಲಿಮೀಟರ್ ಗೆರೆಯಿರುವ ತೆಳ್ಳನೆ ಕಡ್ಡಿ ಇಳಿಸಿ ಆಳ ನೋಡುತ್ತಾರೆ. 3ರವರೆಗೆ ಪರವಾಗಿಲ್ಲ. 5, 6 ಅಂತ ಸಹಾಯಕಿಗೆ ಬರೆಸುತ್ತಿದ್ದರೆ ಒಳಗೆ ಗಾಯ ಇದೆ ಅಂತ ಲೆಕ್ಕ. ಬಾಯಿತುಂಬ ಹೀಗಿದ್ದರೆ ಗಾಯಗಳೆಲ್ಲ ಸೇರಿ 8ರಿಂದ 20 ಚದರ ಸೆಂಟಿಮೀಟರ್ ಆಗಬಹುದು. ಅಷ್ಟಗಲದ ಹುಣ್ಣು ಮೊಣಕಾಲಿನ ಮೇಲಿದ್ದರೆ ಮಾವನವರು ಸುಮ್ನೆ ಕೂರುತ್ತಿದ್ದರಾ?

ಆ ಗಾಯದಿಂದ ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿಯುತ್ತದೆ. ಮೈ ಎಚ್ಚೆತ್ತು ಕಾದಾಡುತ್ತದೆ, ಲಿವರ್ ಸಿಆರ್‌ಪಿ ಅನ್ನುವ ಪ್ರೋಟೀನನ್ನು ಜಾಸ್ತಿ ಮಾಡುತ್ತದೆ. ಇದೇ ಉರಿಯೂತ. ಕಿಡ್ನಿ ಸೋತವರಲ್ಲಿ ಈ ಒಲೆ ಮೊದಲೇ ಉರಿಯುತ್ತಿರುತ್ತದೆ, ವಸಡು ಇನ್ನೊಂದು ಸೌದೆ ತಳ್ಳುತ್ತದೆ. ಪೆಟ್ಟು ಬೀಳುವುದು ಹೃದಯಕ್ಕೆ, ರಕ್ತನಾಳಕ್ಕೆ. ಅಮೆರಿಕದ ಆರೋಗ್ಯ ಸಮೀಕ್ಷೆಯ ಮಾಹಿತಿ ಇಟ್ಟುಕೊಂಡು ಬರ್ಮಿಂಗ್‌ಹ್ಯಾಮ್‌ನ ಸಂಶೋಧಕರು 2016ರಲ್ಲಿ ಒಂದು ಲೆಕ್ಕ ಕೊಟ್ಟರು. ದೀರ್ಘಕಾಲದ ಕಿಡ್ನಿ ಕಾಯಿಲೆ ಇದ್ದವರಲ್ಲಿ 10 ವರ್ಷದೊಳಗೆ ಸಾಯುವವರು ಶೇ. 32, ವಸಡಿನ ರೋಗವೂ ಸೇರಿದರೆ ಶೇ. 41. ವಸಡೇ ಕೊಂದಿತು ಅಂತ ಇದರರ್ಥವಲ್ಲ. ವಸಡಿನ ಚಿಕಿತ್ಸೆಯಿಂದ ಸಿಆರ್‌ಪಿ ಇಳಿದದ್ದುಂಟು. ಹಲ್ಲು ಕ್ಲೀನ್ ಮಾಡಿಸಿದರೆ ಕಿಡ್ನಿ ಸರಿಹೋಗುತ್ತದೆ ಅಂತ ಯಾರಾದರೂ ಹೇಳಿದರೆ ಮಾತ್ರ ನಂಬಬೇಡಿ.

ಕ್ಲೀನಿಂಗ್‌ಗೆ ಡಯಾಲಿಸಿಸ್‌ನ ಮಾರನೇ ದಿನ ಹೋಗಿ. ಮೆಷಿನ್ನಿನಲ್ಲಿರುವಾಗ ಕೊಡುವ ಹೆಪಾರಿನ್ ರಕ್ತವನ್ನು ಹೆಪ್ಪುಗಟ್ಟಲು ಬಿಡುವುದಿಲ್ಲ, ಮಾರನೇ ದಿನಕ್ಕೆ ಅದು ಇಳಿದಿರುತ್ತದೆ. ಕಿಡ್ನಿ ಡಾಕ್ಟರಿಗೂ ಒಂದು ಮಾತು ಹೇಳಿ, ಮಾತ್ರೆಗಳ ಚೀಟಿ ಒಯ್ಯಿರಿ. ಬಿಪಿಗೆ ಅಮ್ಲೋಡಿಪಿನ್ ಇದ್ದರೆ ಕೆಲವರಿಗೆ ಅದರಿಂದಲೂ ವಸಡು ಊದುತ್ತದೆ. ಹಾಗಂತ ನೀವೇ ನಿಲ್ಲಿಸಬೇಡಿ. ಹಲ್ಲುನೋವಿಗೆ ಮೆಡಿಕಲ್ ಶಾಪಿನಿಂದ ಬ್ರೂಫೆನ್, ಡೈಕ್ಲೋಫೆನಾಕ್ ತರಲೇಬೇಡಿ, ಕಿಡ್ನಿಗೆ ಅವು ಆಗುವುದಿಲ್ಲ.

ಖರ್ಚಿನ ಚಿಂತೆಯಿದ್ದರೆ ಸರ್ಕಾರಿ ಆಸ್ಪತ್ರೆಯ ಹಲ್ಲಿನ ವಿಭಾಗದಲ್ಲಿ ಮೊದಲು ವಿಚಾರಿಸಿ. ಇನ್ನೊಂದು, ಮುಂದೆ ಕಿಡ್ನಿ ಕಸಿಯ ಮಾತು ಬಂದರೆ ಬಾಯಲ್ಲಿ ಸೋಂಕಿಲ್ಲ ಅಂತ ಹಲ್ಲಿನ ಡಾಕ್ಟರ ಚೀಟಿ ಸಾಮಾನ್ಯವಾಗಿ ಕೇಳುತ್ತಾರೆ. ಮಾವನವರ ಹತ್ತಿರ ಮಾತು ಅಲ್ಲಿಂದಲೇ ಶುರು ಮಾಡಿ ನೋಡಿ.