ಕೊನೆಯ ಐದು ನಿಮಿಷ ಬಾಲ್ ಯಾರ ಕೈಯಲ್ಲಿ? ಸ್ಪಾನೂಲಿಸ್ ಬಗ್ಗೆ ನಿಮ್ಮ ಪ್ರಶ್ನೆಗಳು

2025ರ ಯೂರೋಬಾಸ್ಕೆಟ್‌ನಲ್ಲಿ, ಅಂದರೆ ಯೂರೋಪಿನ ದೇಶಗಳ ಬಾಸ್ಕೆಟ್‌ಬಾಲ್ ಚಾಂಪಿಯನ್‌ಶಿಪ್‌ನಲ್ಲಿ, ಗ್ರೀಸ್ ಕಂಚು ಗೆದ್ದಿತು. ಅದರ ಸ್ಟಾರ್ ಆಟಗಾರ ಯಾನಿಸ್ ಆಂಟೆಟೊಕೂನ್ಪೊ ಎಲ್ಲರಿಗೂ ಗೊತ್ತು. ಆದರೆ ಆ ತಂಡದ ಕೋಚ್ ಯಾರು ಅಂತ ಕೇಳಿ ಬಂದ ಪ್ರಶ್ನೆಗಳೇ ಜಾಸ್ತಿ. ಅವರು ವಾಸಿಲಿಸ್ ಸ್ಪಾನೂಲಿಸ್. ಆಡುತ್ತಿದ್ದ ಕಾಲದಲ್ಲಿ, ಪಂದ್ಯ ಸಮಬಲದಲ್ಲಿದ್ದಾಗ ಎದುರಾಳಿ ಕೋಚ್‌ಗಳಿಗೆ ಬೆವರು ಬರಿಸುತ್ತಿದ್ದ ಗಾರ್ಡ್, ಅಂದರೆ ಬಾಲ್ ಹಿಡಿದು ಆಟ ನಡೆಸುವವರು. ಬಂದ ಪ್ರಶ್ನೆಗಳಲ್ಲಿ ನಾಲ್ಕನ್ನು ಇಲ್ಲಿ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಸ್ಪಾನೂಲಿಸ್ ಯೂರೋಪಿನ ದೊಡ್ಡ ಆಟಗಾರ ಅಂತ ನಮ್ಮ ಸೀನಿಯರ್ಸ್ ಹೇಳ್ತಾರೆ. ಅಮೆರಿಕದ ಎನ್‌ಬಿಎ ಲೀಗ್ ದಾಖಲೆ ತೆಗೆದು ನೋಡಿದರೆ ಒಂದೇ ಸೀಸನ್, ಸರಾಸರಿ 2.7 ಪಾಯಿಂಟ್. ಅಷ್ಟು ದೊಡ್ಡ ಆಟಗಾರನಾಗಿದ್ದರೆ ಅಲ್ಲಿ ಯಾಕೆ ನಡೆಯಲಿಲ್ಲ? (ಕಾಲೇಜು ವಿದ್ಯಾರ್ಥಿ, ಮಂಡ್ಯ)

ನೀವು ನೋಡಿದ ಅಂಕಿ ಸರಿ. 2006-07ರಲ್ಲಿ ಹ್ಯೂಸ್ಟನ್ ರಾಕೆಟ್ಸ್ ಪರ 31 ಪಂದ್ಯ, 2.7 ಪಾಯಿಂಟ್. ಆದರೆ ಅದೇ ಸಾಲಿನಲ್ಲಿ ಇನ್ನೊಂದು ಅಂಕಿಯೂ ಇದೆ. ಪಂದ್ಯಕ್ಕೆ ಅವರಿಗೆ ಸಿಕ್ಕಿದ್ದು ಒಂಬತ್ತು ನಿಮಿಷಕ್ಕಿಂತ ಕಡಿಮೆ. ನಾನು ಮೊದಲು ನೋಡುವುದು ಅದನ್ನು.

ಸ್ವಲ್ಪ ಹಿಂದಕ್ಕೆ ಹೋಗೋಣ. ಸ್ಪಾನೂಲಿಸ್ ಹುಟ್ಟಿದ್ದು 1982ರಲ್ಲಿ, ಗ್ರೀಸಿನ ಲಾರಿಸ್ಸಾದಲ್ಲಿ. ಊರಿನ ಕ್ಲಬ್‌ನಲ್ಲಿ ಆಡಿ, 2001ರಲ್ಲಿ ಅಥೆನ್ಸ್ ಪಕ್ಕದ ಮಾರೂಸಿ ತಂಡಕ್ಕೆ ಬಂದರು. 2004ರ ಎನ್‌ಬಿಎ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ವ್ಯವಸ್ಥೆ) ಡಲ್ಲಾಸ್ ಮಾವೆರಿಕ್ಸ್ ಅವರನ್ನು 50ನೇ ಆಯ್ಕೆಯಾಗಿ ತೆಗೆದುಕೊಂಡಿತು. ಅವರನ್ನು ಆಡಿಸುವ ಹಕ್ಕು ಆಗಲೇ ಹ್ಯೂಸ್ಟನ್ ಪಾಲಾಯಿತು. ನಮ್ಮ ಪಂಜಾಬಿನ ಸತ್ನಾಮ್ ಸಿಂಗ್ ಅವರನ್ನು 2015ರಲ್ಲಿ 52ನೇ ಆಯ್ಕೆಯಾಗಿ ತೆಗೆದುಕೊಂಡಿದ್ದೂ ಇದೇ ಡಲ್ಲಾಸ್, ನೆನಪಿದೆಯಾ? ಅವರಿಗೆ ಎನ್‌ಬಿಎಯಲ್ಲಿ ಒಂದು ಪಂದ್ಯವೂ ಸಿಗಲಿಲ್ಲ. ಆ ನಂಬರಿನಲ್ಲಿ ಆಯ್ಕೆಯಾದವರ ಬಗ್ಗೆ ತಂಡಗಳ ಧೋರಣೆ ಇಷ್ಟೇ: ಬಂದರೆ ಬರಲಿ, ನೋಡೋಣ.

ಈಗ 2006ಕ್ಕೆ ಬನ್ನಿ. ಜಪಾನಿನ ಸೈತಾಮಾದಲ್ಲಿ ವಿಶ್ವ ಚಾಂಪಿಯನ್‌ಶಿಪ್ ಸೆಮಿಫೈನಲ್. ಅಮೆರಿಕ ತಂಡದಲ್ಲಿ ಲೆಬ್ರಾನ್ ಜೇಮ್ಸ್, ಡ್ವೇನ್ ವೇಡ್, ಕಾರ್ಮೆಲೊ ಆಂಥನಿ, ಕ್ರಿಸ್ ಪಾಲ್. ಗ್ರೀಸ್ ತಂಡದಲ್ಲಿ ಎನ್‌ಬಿಎಯಲ್ಲಿ ಆಡುವವರು ಒಬ್ಬರೂ ಇರಲಿಲ್ಲ. ಗ್ರೀಸ್ 101-95ರಿಂದ ಗೆದ್ದಿತು. ಸ್ಪಾನೂಲಿಸ್ 22 ಪಾಯಿಂಟ್. ಗ್ರೀಕರು ಅವತ್ತು ಮಹಾ ಮಂತ್ರವನ್ನೇನೂ ಹಾಕಲಿಲ್ಲ. ಒಂದೇ ಪಿಕ್ ಅಂಡ್ ರೋಲ್ ಅನ್ನು ಮತ್ತೆ ಮತ್ತೆ ಆಡಿದರು. ದೊಡ್ಡ ದೇಹದ ಸೊಫೋಕ್ಲಿಸ್ ಸ್ಕೋರ್ಟ್ಸಾನಿಟಿಸ್ ಬಂದು ರಕ್ಷಕನ ದಾರಿಗೆ ಅಡ್ಡವಾಗಿ, ಅಂದರೆ ಸ್ಕ್ರೀನ್ ಆಗಿ ನಿಲ್ಲುವುದು, ಗಾರ್ಡ್ ಪಾಪಲೂಕಾಸ್ ಇಲ್ಲವೇ ಸ್ಪಾನೂಲಿಸ್ ಅದನ್ನು ಬಳಸಿ ಒಳಗೆ ನುಗ್ಗುವುದು. ಅಮೆರಿಕದವರಿಗೆ ಕೊನೆಯವರೆಗೂ ಅದಕ್ಕೆ ಉತ್ತರ ಸಿಗಲಿಲ್ಲ. ಪಂದ್ಯ ಮುಗಿದ ಮೇಲೆ ಅಮೆರಿಕದ ಕೋಚ್ ಗ್ರೀಕ್ ಆಟಗಾರರ ಹೆಸರು ಹೇಳಲಿಲ್ಲ, ಜೆರ್ಸಿ ನಂಬರ್ ಹೇಳಿಯೇ ಮಾತಾಡಿದರು! ಫೈನಲ್‌ನಲ್ಲಿ ಸ್ಪೇನ್ ಇದೇ ಗ್ರೀಸನ್ನು 70-47ರಿಂದ ಚಚ್ಚಿ ಹಾಕಿತು, ಆ ಮಾತು ಬೇರೆ.

ಇದಾಗಿ ಎರಡು ತಿಂಗಳಿಗೆ ಅದೇ ಮನುಷ್ಯ ಹ್ಯೂಸ್ಟನ್ ಬೆಂಚಿನ ಮೇಲೆ ಕೂತಿದ್ದರು. ಅಲ್ಲಿ ಆಟ ನಡೆಯುತ್ತಿದ್ದದ್ದು ಯಾವೊ ಮಿಂಗ್ ಮತ್ತು ಟ್ರೇಸಿ ಮೆಕ್‌ಗ್ರೇಡಿ ಸುತ್ತ. ಕೋಚ್ ಜೆಫ್ ವ್ಯಾನ್ ಗಂಡಿ ರಕ್ಷಣೆಯನ್ನು ಮೊದಲು ನೋಡುವವರು. ಗಾರ್ಡ್ ಆದವನು ಬಾಲ್ ಅನ್ನು ಅವರಿಬ್ಬರಿಗೆ ತಲುಪಿಸಿ ಪಕ್ಕಕ್ಕೆ ಸರಿಯಬೇಕು. ಸ್ಪಾನೂಲಿಸ್ ಆಟ ಅದಕ್ಕೆ ಪೂರ್ತಿ ಉಲ್ಟಾ. ಬಾಲ್ ಅವರ ಕೈಯಲ್ಲೇ ಇರಬೇಕು. ಎದುರಾಳಿಯನ್ನು ಹತ್ತಾರು ಸಲ ಪರೀಕ್ಷೆ ಮಾಡಬೇಕು, ನಾಲ್ಕು ಸಲ ತಪ್ಪಬೇಕು, ಆಮೇಲೆ ದಾರಿ ಕಾಣಬೇಕು. ಒಂಬತ್ತು ನಿಮಿಷದಲ್ಲಿ ಅದು ಆಗುವ ಕೆಲಸವಲ್ಲ.

ನಿಯಮದ ವ್ಯತ್ಯಾಸವೂ ಇದೆ. ಎನ್‌ಬಿಎಯಲ್ಲಿ ರಕ್ಷಕ ಯಾರನ್ನೂ ಕಾಯದೆ ರಿಂಗ್ ಕೆಳಗೆ ಮೂರು ಸೆಕೆಂಡಿಗಿಂತ ಜಾಸ್ತಿ ಸುಮ್ನೆ ನಿಲ್ಲುವಂತಿಲ್ಲ. ಯೂರೋಪಿನಲ್ಲಿ ನಿಲ್ಲಬಹುದು. ಹಾಗಾಗಿ ಅಲ್ಲಿ ಒಳಗೆ ಯಾವಾಗಲೂ ಜನ. ವೇಗ, ಜಿಗಿತ ಇಷ್ಟೇ ಇದ್ದರೆ ದಾರಿ ಸಿಗುವುದಿಲ್ಲ. ನಿಧಾನ ಮಾಡಿ, ನಿಲ್ಲಿಸಿ, ಮತ್ತೆ ಹೊರಡುವ ಗಾರ್ಡ್‌ಗೆ ಅಲ್ಲಿ ಬೆಲೆ.

ಹ್ಯೂಸ್ಟನ್ ಒಂದೇ ವರ್ಷಕ್ಕೆ ಸಾಕು ಅನ್ನಿಸಿ, ಊರಿಗೆ ಹೋಗುತ್ತೇನೆ ಅಂತ ಅವರೇ ಕೇಳಿಕೊಂಡರು. 2007ರಲ್ಲಿ ಅವರನ್ನು ಸ್ಯಾನ್ ಆಂಟೋನಿಯೊ ಸ್ಪರ್ಸ್‌ಗೆ ಕೊಟ್ಟ ಹ್ಯೂಸ್ಟನ್, ಬದಲಿಗೆ ಅರ್ಜೆಂಟೀನಾದ ಲೂಯಿಸ್ ಸ್ಕೋಲಾ ಹಕ್ಕನ್ನು ಪಡೆಯಿತು. ಸ್ಪರ್ಸ್ ಬಿಟ್ಟುಕೊಟ್ಟಿತು, ಸ್ಪಾನೂಲಿಸ್ ಅಥೆನ್ಸ್‌ಗೆ, ಪನಾಥಿನೈಕೋಸ್ ಕ್ಲಬ್‌ಗೆ ವಾಪಸ್. ಸ್ಕೋಲಾ ಹ್ಯೂಸ್ಟನ್‌ನಲ್ಲಿ ಚೆನ್ನಾಗಿ ಆಡಿದರು. ಈ ವ್ಯಾಪಾರದಲ್ಲಿ ಇಬ್ಬರಿಗೂ ಲಾಭವೇ ಆಯಿತು ಅನ್ನಬೇಕು. ಅವರು ಸೋತು ಬಂದರು ಅನ್ನುವುದನ್ನು ನಾನು ಒಪ್ಪುವುದಿಲ್ಲ. ತಮ್ಮ ಆಟಕ್ಕೆ ಜಾಗ ಎಲ್ಲಿದೆ ಅಂತ 25ನೇ ವಯಸ್ಸಿಗೇ ಕಂಡುಕೊಂಡರು. ಎಷ್ಟೋ ಜನ ಅದೇ ಬೆಂಚಿನ ಮೇಲೆ ಐದು ವರ್ಷ ಕಳೆದು ಎದ್ದು ಬರುತ್ತಾರೆ.

ಪ್ರಶ್ನೆ: ಪನಾಥಿನೈಕೋಸ್ ಬಿಟ್ಟು ಒಲಿಂಪಿಯಾಕೋಸ್‌ಗೆ ಹೋದದ್ದಕ್ಕೆ ಅಷ್ಟೊಂದು ಗಲಾಟೆ ಯಾಕೆ? ಕ್ಲಬ್ ಬದಲಾಯಿಸೋದು ಮಾಮೂಲಿ ಅಲ್ವಾ? (ಓದುಗರು, ಮೈಸೂರು)

ಬೇರೆ ಯಾವ ಕ್ಲಬ್ ಆಗಿದ್ದರೂ ಮಾಮೂಲಿಯೇ. ಇವೆರಡರ ನಡುವೆ ಅಲ್ಲ. ಪನಾಥಿನೈಕೋಸ್ ಅಥೆನ್ಸ್‌ನದು, ಬಣ್ಣ ಹಸಿರು. ಒಲಿಂಪಿಯಾಕೋಸ್ ಬಂದರು ಪಟ್ಟಣ ಪಿರೇಯಸ್‌ನದು, ಬಣ್ಣ ಕೆಂಪು. ಫುಟ್‌ಬಾಲ್‌ನಿಂದ ಶುರುವಾದ ಹಗೆ ಬಾಸ್ಕೆಟ್‌ಬಾಲ್‌ಗೂ ಹಬ್ಬಿದೆ. ಎಷ್ಟೋ ಮನೆಗಳಲ್ಲಿ ಅಪ್ಪನ ಬಣ್ಣವೇ ಮಗನ ಬಣ್ಣ.

ಸ್ಪಾನೂಲಿಸ್ ಹಸಿರು ಜೆರ್ಸಿಯಲ್ಲಿ ನಾಲ್ಕು ಸಲ ಗ್ರೀಕ್ ಲೀಗ್ ಗೆದ್ದವರು. 2009ರಲ್ಲಿ ಬರ್ಲಿನ್‌ನಲ್ಲಿ ಯೂರೋಪಿನ ಕ್ಲಬ್‌ಗಳ ದೊಡ್ಡ ಟೂರ್ನಿ ಯೂರೋಲೀಗ್ ಗೆದ್ದಾಗ ಫೈನಲ್ ಫೋರ್‌ನ (ಕೊನೆಯ ನಾಲ್ಕು ತಂಡಗಳ ಸೆಮಿಫೈನಲ್, ಫೈನಲ್) ಅತ್ಯುತ್ತಮ ಆಟಗಾರ ಅವರೇ. ಅವತ್ತು ಸೆಮಿಫೈನಲ್‌ನಲ್ಲಿ ಸೋಲಿಸಿದ್ದು ಯಾರನ್ನು ಅಂದುಕೊಂಡಿರಿ? ಒಲಿಂಪಿಯಾಕೋಸನ್ನು, ಎರಡೇ ಪಾಯಿಂಟಿನಿಂದ. ಅಂಥವರು 2010ರಲ್ಲಿ ಹೋಗಿ ಕೆಂಪು ಜೆರ್ಸಿ ಹಾಕಿಕೊಂಡರು.

ಯಾಕೆ ಹೋದರು ಅಂದರೆ, ನನ್ನ ಪ್ರಕಾರ ಕಾರಣ ಬಾಲೇ. ಪನಾಥಿನೈಕೋಸ್‌ನಲ್ಲಿ ಜೆಲ್ಕೊ ಒಬ್ರಾದೋವಿಚ್ ಕೋಚ್, ಅಲ್ಲಿ ಮೊದಲ ಹೆಸರು ಡಿಮಿಟ್ರಿಸ್ ಡಿಯಾಮಾಂಟಿಡಿಸ್ ಅವರದು. ಡಿಯಾಮಾಂಟಿಡಿಸ್‌ಗೂ ಸ್ಪಾನೂಲಿಸ್‌ಗೂ ಬಾಲ್ ಕೈಯಲ್ಲಿದ್ದರೇ ಆಟ. ಒಂದೇ ಒರೆಯಲ್ಲಿ ಎರಡು ಕತ್ತಿ ಎಷ್ಟು ದಿನ ಇರುತ್ತವೆ? ಒಲಿಂಪಿಯಾಕೋಸ್‌ನಲ್ಲಿ ತಂಡವೇ ಅವರದಾಗುತ್ತಿತ್ತು.

ಮೊದಲ ವರ್ಷ ಮಾತ್ರ ಮುಖಭಂಗ. 2011ರಲ್ಲಿ ಒಲಿಂಪಿಯಾಕೋಸ್ ಕ್ವಾರ್ಟರ್ ಫೈನಲ್‌ನ ಮೊದಲ ಪಂದ್ಯದಲ್ಲಿ ಇಟಲಿಯ ಸಿಯೆನಾವನ್ನು 89-41ರಿಂದ ಬಡಿದು, ಆಮೇಲೆ ಸಾಲಾಗಿ ಮೂರು ಸೋತು ಮನೆಗೆ ಬಂತು. ಅದೇ ವರ್ಷ ಅವರು ಬಿಟ್ಟು ಬಂದ ಪನಾಥಿನೈಕೋಸ್ ಯೂರೋಲೀಗ್ ಗೆದ್ದಿತು, ಡಿಯಾಮಾಂಟಿಡಿಸ್ ಅತ್ಯುತ್ತಮ ಆಟಗಾರ. ಹಸಿರು ಅಭಿಮಾನಿಗಳು ಆ ವರ್ಷ ಎಷ್ಟು ಆಡಿಕೊಂಡಿರಬೇಕು, ನೀವೇ ಊಹಿಸಿ.

ಅದರ ಮೇಲೆ ಗ್ರೀಸಿನ ಆರ್ಥಿಕ ಬಿಕ್ಕಟ್ಟು. ಒಲಿಂಪಿಯಾಕೋಸ್ ಮಾಲೀಕರು ಖರ್ಚಿಗೆ ಕತ್ತರಿ ಹಾಕಿದರು. ದುಬಾರಿ ಆಟಗಾರರು ಹೊರಟರು. ಮಿಲೋಶ್ ಟಿಯೋಡೋಸಿಚ್ ಹೋಗಿದ್ದು ರಷ್ಯಾದ ಸಿಎಸ್‌ಕೆಎ ಮಾಸ್ಕೋಗೆ. ಉಳಿದದ್ದು ಹಳೆಯ ಹುಲಿ ಕೋಚ್ ದುಶಾನ್ ಇವ್ಕೋವಿಚ್, ಸ್ಪಾನೂಲಿಸ್, ಜಾರ್ಜಿಯೋಸ್ ಪ್ರಿಂಟೆಜಿಸ್, ಜೊತೆಗೆ ಸ್ಲೂಕಾಸ್, ಪಾಪನಿಕೋಲಾವು, ಮಾಂಟ್ಸಾರಿಸ್‌ನಂಥ ಇಪ್ಪತ್ತು ದಾಟಿದ ಹುಡುಗರು.

ಆ ತಂಡ 2012ರ ಮೇ 13ರಂದು ಇಸ್ತಾಂಬುಲ್‌ನಲ್ಲಿ ಯೂರೋಲೀಗ್ ಫೈನಲ್ ಆಡಿತು. ಎದುರಿಗೆ ಅದೇ ಸಿಎಸ್‌ಕೆಎ. ಅಲ್ಲಿ ಟಿಯೋಡೋಸಿಚ್ ಜೊತೆ ಆಂಡ್ರೇ ಕಿರಿಲೆಂಕೊ, ನೆನಾದ್ ಕ್ರಿಸ್ಟಿಚ್. ಮೂರನೇ ಕ್ವಾರ್ಟರ್‌ನಲ್ಲಿ ಒಲಿಂಪಿಯಾಕೋಸ್ 53-34ರಿಂದ ಹಿಂದೆ. 19 ಪಾಯಿಂಟ್! ಅಲ್ಲಿಂದ ಒಂದೊಂದೇ ಪಾಯಿಂಟ್ ಹತ್ತಿಕೊಂಡು ಬಂದರು. ಸಿಎಸ್‌ಕೆಎಗೆ ರಿಂಗ್ ಕಾಣದಂತಾಯಿತು. ಕೊನೆಯ ಹತ್ತು ಸೆಕೆಂಡಿಗೆ ಸ್ಕೋರ್ 61-60, ಸಿಎಸ್‌ಕೆಎ ಮುಂದೆ, ಫ್ರೀ ಥ್ರೋ ಲೈನಿನಲ್ಲಿ ರಾಮೂನಾಸ್ ಶಿಶ್ಕೌಸ್ಕಾಸ್. ಅನುಭವಿ, ನಂಬಿಕಸ್ಥ ಕೈ. ಎರಡೂ ತಪ್ಪಿದವು. (2009ರ ಬರ್ಲಿನ್ ಫೈನಲ್‌ನಲ್ಲಿ ಪನಾಥಿನೈಕೋಸ್ ವಿರುದ್ಧ ಕೊನೆಯ ಶಾಟ್ ತಪ್ಪಿದ್ದೂ ಇವರದೇ. ಪಾಪ.)

ಬಾಲ್ ಸ್ಪಾನೂಲಿಸ್ ಕೈಗೆ ಬಂತು. ಹಾಲ್‌ನಲ್ಲಿದ್ದ ಎಲ್ಲರಿಗೂ ಗೊತ್ತು, ಶಾಟ್ ಇವರದೇ ಅಂತ. ಒಳಗೆ ನುಗ್ಗಿದರು. ರಕ್ಷಕರೆಲ್ಲ ಅವರ ಕಡೆಗೇ ವಾಲಿದರು. ಅವರು ಶಾಟ್ ಹಾಕಲಿಲ್ಲ, ಪ್ರಿಂಟೆಜಿಸ್‌ಗೆ ಪಾಸ್ ಕೊಟ್ಟರು. ಪ್ರಿಂಟೆಜಿಸ್ ಒಂದೇ ಕೈಯಲ್ಲಿ ಮೇಲಕ್ಕೆ ತೇಲಿಸಿದರು. ಬಾಲ್ ಬಿತ್ತು. ಉಳಿದದ್ದು 0.7 ಸೆಕೆಂಡ್. 62-61. ಫೈನಲ್ ಫೋರ್‌ನ ಅತ್ಯುತ್ತಮ ಆಟಗಾರ ಮತ್ತೆ ಸ್ಪಾನೂಲಿಸ್, ಈ ಸಲ ಕೆಂಪು ಜೆರ್ಸಿಯಲ್ಲಿ. ಮರುವರ್ಷ ಲಂಡನ್‌ನಲ್ಲೂ ಅದೇ ಕಥೆ. ಅಲ್ಲಿಗೆ ಆ ಪ್ರಶಸ್ತಿ ಮೂರನೇ ಸಲ. ಅವರಿಗಿಂತ ಮುಂಚೆ ಮೂರು ಸಲ ಪಡೆದವರು ಟೋನಿ ಕುಕೋಚ್ ಒಬ್ಬರೇ.

ಗಲಾಟೆ ನಿಂತಿತಾ ಅಂದರೆ, ಇಲ್ಲ. 2021ರಲ್ಲಿ ನಿವೃತ್ತಿಯಾಗುವವರೆಗೆ ಅವರು ಕೆಂಪು ಜೆರ್ಸಿಯಲ್ಲೇ ಉಳಿದರು. ಹಸಿರು ಗ್ಯಾಲರಿಯ ಸಿಟ್ಟೂ ಹಾಗೇ ಉಳಿಯಿತು.

ಪ್ರಶ್ನೆ: ಗ್ರೀಸಿನ ಸಾರ್ವಕಾಲಿಕ ಶ್ರೇಷ್ಠ ಆಟಗಾರ ಯಾರು? ಯಾನಿಸಾ, ಸ್ಪಾನೂಲಿಸಾ? (ಓದುಗರು, ಬೆಂಗಳೂರು)

ಮೂರನೇ ಹೆಸರು ಬಿಟ್ಟಿದ್ದೀರಿ. ನಿಕೋಸ್ ಗಾಲಿಸ್. 1987ರಲ್ಲಿ ಪಿರೇಯಸ್‌ನಲ್ಲಿ ನಡೆದ ಯೂರೋಬಾಸ್ಕೆಟ್ ಫೈನಲ್‌ನಲ್ಲಿ ಸೋವಿಯತ್ ಒಕ್ಕೂಟದ ವಿರುದ್ಧ 40 ಪಾಯಿಂಟ್ ಹೊಡೆದು, ಓವರ್‌ಟೈಮ್‌ನಲ್ಲಿ 103-101ರಿಂದ ಗೆಲ್ಲಿಸಿದವರು. ಗ್ರೀಸಿನ ಬೀದಿಬೀದಿಯಲ್ಲಿ ರಿಂಗ್ ಬಂದದ್ದು ಅದರ ನಂತರ. ಸ್ಪಾನೂಲಿಸ್‌ಗೆ ಆಗ ಐದು ವರ್ಷವೂ ತುಂಬಿರಲಿಲ್ಲ.

ಎತ್ತರ, ಬಲ, ಎನ್‌ಬಿಎ ಪ್ರಶಸ್ತಿ ನೋಡಿದರೆ ಯಾನಿಸ್‌ಗೆ ಸಮ ಯಾರೂ ಇಲ್ಲ. ಪಂದ್ಯ ಸಮಬಲ, ಎರಡು ನಿಮಿಷ ಬಾಕಿ, ಒಬ್ಬರನ್ನು ಆರಿಸಿ ಅಂದರೆ ನಾನು ಸ್ಪಾನೂಲಿಸ್ ಹೆಸರು ಹೇಳುತ್ತೇನೆ. ನಿವೃತ್ತಿ ಹೊತ್ತಿಗೆ ಯೂರೋಲೀಗ್‌ನಲ್ಲಿ ಎಲ್ಲರಿಗಿಂತ ಹೆಚ್ಚು ಪಾಯಿಂಟ್ ಅವರದೇ, 4,455. ಆಮೇಲೆ ಅಮೆರಿಕದ ಮೈಕ್ ಜೇಮ್ಸ್ ಅದನ್ನು ದಾಟಿದರು. ತಮಾಷೆ ಏನು ಗೊತ್ತಾ? ಸ್ಪಾನೂಲಿಸ್ 2024ರ ಕೊನೆಯಲ್ಲಿ ಮೊನಾಕೊ ತಂಡದ ಕೋಚ್ ಆದಾಗ ಆ ತಂಡದ ಮುಖ್ಯ ಆಟಗಾರ ಇದೇ ಜೇಮ್ಸ್. ಇಬ್ಬರೂ ಸೇರಿ 2025ರ ಯೂರೋಲೀಗ್ ಫೈನಲ್‌ವರೆಗೆ ಹೋಗಿ, ಫೆನರ್‌ಬಾಹ್ಚೆಗೆ ಸೋತರು.

ಇನ್ನು ರಾಷ್ಟ್ರೀಯ ತಂಡ. 2005ರಲ್ಲಿ ಯೂರೋಬಾಸ್ಕೆಟ್ ಚಿನ್ನ, 2009ರಲ್ಲಿ ಕಂಚು, ಎರಡೂ ಸ್ಪಾನೂಲಿಸ್ ಆಡಿ ಗೆದ್ದದ್ದು. ಅದಾದ ಮೇಲೆ ಗ್ರೀಸ್‌ಗೆ ಪದಕವೇ ಇರಲಿಲ್ಲ. ಮುಂದಿನದು ಬಂದದ್ದು 2025ರಲ್ಲಿ, ಅವರು ಕೋಚ್, ಯಾನಿಸ್ ಮುಖ್ಯ ಆಟಗಾರ. ಜಗಳ ಯಾಕೆ, ಇಬ್ಬರೂ ಸೇರಿ ತಂದರಲ್ಲ.

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ಪಿಟಿ ಮೇಷ್ಟ್ರು. ನಮ್ಮ ತಂಡದ ಗಾರ್ಡ್ ಹುಡುಗ ಶಾಟ್ ಬೀಳದಿದ್ದರೂ ಹಾಕ್ತಾನೇ ಇರ್ತಾನೆ. ಬೈದರೆ "ಸ್ಪಾನೂಲಿಸ್ 11 ಮಿಸ್ ಮಾಡಿ ಗೆದ್ದಿಲ್ವಾ ಸರ್" ಅಂತಾನೆ. ಏನು ಹೇಳಲಿ? (ಧಾರವಾಡ)

ಮೇಷ್ಟ್ರೇ, ಹುಡುಗ ಹೇಳಿದ್ದು ನಿಜ, ಅರ್ಧ ಮಾತ್ರ. 2015ರಲ್ಲಿ ಮ್ಯಾಡ್ರಿಡ್‌ನಲ್ಲಿ ಯೂರೋಲೀಗ್ ಸೆಮಿಫೈನಲ್. ಎದುರಾಳಿ ಮತ್ತೆ ಸಿಎಸ್‌ಕೆಎ. ಸ್ಪಾನೂಲಿಸ್ ಹಾಕಿದ ಮೊದಲ 11 ಶಾಟ್‌ನಲ್ಲಿ ಒಂದೂ ಬೀಳಲಿಲ್ಲ. ಬೇರೆಯವರಾಗಿದ್ದರೆ ಹನ್ನೆರಡನೆಯದನ್ನು ಮುಟ್ಟುತ್ತಿರಲಿಲ್ಲ. ಇವರು ಕೊನೆಯ ನಾಲ್ಕೈದು ನಿಮಿಷದಲ್ಲಿ ಹಿಂದಕ್ಕೆ ಹೆಜ್ಜೆ ಇಟ್ಟು, ದೂರದಿಂದ, ಒಂದರ ಹಿಂದೆ ಒಂದು ತ್ರೀ ಪಾಯಿಂಟರ್ ಹಾಕಿದರು. ಒಲಿಂಪಿಯಾಕೋಸ್ 70-68. ಲಂಡನ್‌ನ 2013ರ ಫೈನಲ್ ಕೂಡ ಹಾಗೇ. ರಿಯಲ್ ಮ್ಯಾಡ್ರಿಡ್ ಮೊದಲ ಕ್ವಾರ್ಟರ್‌ನಲ್ಲಿ 27-10 ಮುಂದೆ. ಮೊದಲರ್ಧದಲ್ಲಿ ಸ್ಪಾನೂಲಿಸ್ ಸೊನ್ನೆ. ಎರಡನೇ ಅರ್ಧದಲ್ಲಿ 22. ಗೆಲುವು 100-88.

ಹುಡುಗ ಬಿಟ್ಟ ಇನ್ನರ್ಧ ಇಲ್ಲಿದೆ. ಸ್ಪಾನೂಲಿಸ್ ಶಾಟ್ ತಪ್ಪುತ್ತಿದ್ದಾಗಲೂ ಎದುರಾಳಿಗಳು ಅವರ ಮೇಲೆ ಇಬ್ಬರನ್ನು ಬಿಡಬೇಕಾಗುತ್ತಿತ್ತು. ಇಬ್ಬರು ಅವರ ಮೇಲೆ ಬಂದರೆ ಇನ್ನೊಬ್ಬ ಖಾಲಿ, ಅವನಿಗೆ ಪಾಸ್ ಹೋಗುತ್ತಿತ್ತು. ಅವರ ಕಾಲದಲ್ಲಿ ಯೂರೋಲೀಗ್‌ನಲ್ಲಿ ತುಂಬ ಅಸಿಸ್ಟ್ (ಬಾಸ್ಕೆಟ್‌ಗೆ ದಾರಿ ಮಾಡಿಕೊಡುವ ಪಾಸ್) ಕೊಟ್ಟವರ ಸಾಲಿನಲ್ಲೂ ಅವರ ಹೆಸರು ಮೇಲೇ ಇದೆ. ಹಾಗಂತ ಅವರೇನು ಅಚ್ಚುಕಟ್ಟು ಆಟಗಾರರಲ್ಲ. ಬಾಲ್ ಕಳಕೊಂಡ ಲೆಕ್ಕವೂ ದೊಡ್ಡದೇ. ಅಷ್ಟು ಹೊತ್ತು ಬಾಲ್ ಕೈಯಲ್ಲಿದ್ದರೆ ಅದೂ ಬರುತ್ತದೆ.

ಅದಕ್ಕೇ ಶಾಟ್ ಬಿತ್ತಾ ಇಲ್ಲವಾ ಅಂತ ಬರೆದುಕೊಳ್ಳಬೇಡಿ. ಪ್ರತಿ ಸಲ ಬಾಲ್ ಅವನ ಕೈಗೆ ಹೋದಾಗ ಏನಾಯಿತು ಅಂತ ಒಂದು ನೋಟ್‌ಬುಕ್‌ನಲ್ಲಿ ಗುರುತು ಮಾಡಿ. ಸ್ಕ್ರೀನ್ ಬಳಸಿದನಾ? ಎರಡನೇ ರಕ್ಷಕ ಅವನ ಮೇಲೆ ಬಂದನಾ? ಬಂದಾಗ ಖಾಲಿ ಇದ್ದವನು ಕಣ್ಣಿಗೆ ಬಿದ್ದನಾ? ಹಾಕಿದ ಜಾಗ ಪ್ರಾಕ್ಟೀಸ್‌ನಲ್ಲಿ ಹಾಕುವ ಜಾಗವೇನಾ? ಇವೆಲ್ಲ ಸರಿ ಇದ್ದೂ ಬಾಲ್ ಬೀಳದಿದ್ದರೆ ಹುಡುಗನನ್ನು ತೆಗೆಯಬೇಡಿ, ಹಾಕಲಿ ಬಿಡಿ. ಸ್ಕ್ರೀನೂ ಇಲ್ಲ, ಪಾಸೂ ಇಲ್ಲ, ಬಾಲ್ ಸಿಕ್ಕ ತಕ್ಷಣ ಎಸೆದ ಅಂದರೆ ಕೂರಿಸಿ, ಯಾರ ಹೆಸರು ಹೇಳಿದರೂ ಕೇಳಬೇಡಿ.

ಇನ್ನೊಂದು ಉಪಾಯ. ಇಸ್ತಾಂಬುಲ್‌ನ ಆ ಕೊನೆಯ ಹತ್ತು ಸೆಕೆಂಡಿನ ವಿಡಿಯೋ ಹುಡುಗನಿಗೆ ಹಾಕಿ ತೋರಿಸಿ. ಸ್ಪಾನೂಲಿಸ್ ಒಳಗೆ ನುಗ್ಗಿ ಪಾಸ್ ಕೊಡುವ ಮುಂಚಿನ ಕ್ಷಣದಲ್ಲಿ ನಿಲ್ಲಿಸಿ, "ಇಲ್ಲಿ ನೀನಾಗಿದ್ದರೆ ಏನ್ ಮಾಡ್ತಿದ್ದೆ?" ಅಂತ ಕೇಳಿ. "ಶಾಟ್ ಹಾಕ್ತಿದ್ದೆ ಸರ್" ಅಂದರೆ, ಈ ಟರ್ಮ್‌ಗೆ ಬಾಲ್ ಬೇರೆ ಹುಡುಗನ ಕೈಯಲ್ಲಿರಲಿ.